ರಸಮಟ್ಟ

ಸಯ್ಯಾಜಿರಾವ್ ರಸ್ತೆಯ ಕನ್ನಡಕದಂಗಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಸ್ಕ್ರೂ ತಿರುಗಿಸುವವನು ನಾನು.
ಸಾಸಿವೆಗಿಂತ ಸಣ್ಣವು, ಉಸಿರು ಬಿಟ್ಟರೆ ಹಾರುವಂಥವು;
ಮೂಗಿನ ಮೇಲೆ ವಾಲಿದ ಲೋಕವನ್ನೆಲ್ಲ
ಎರಡು ಸುತ್ತಿನಲ್ಲಿ ನೆಟ್ಟಗೆ ಕೂರಿಸಿ ಕಳಿಸಿದ್ದೇನೆ.
ಅದೇ ಧೈರ್ಯದ ಮೇಲೆ ಸುಗುಣನಿಗೆ ಅಂದುಬಿಟ್ಟೆ:
ಅಡುಗೆಮನೆಗೊಂದು ಹಲಗೆ ತಾನೆ, ಬಡಗಿ ಯಾಕೆ?

ಅವಳು ಹುರುಳಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.
‘ಹೋದ ಸಲ ನಲ್ಲಿ ರಿಪೇರಿ ಮಾಡಿದಿರಲ್ಲ’ ಅಂದಳು, ಅಷ್ಟೆ.
(ಹೋದ ಸಲ ನಲ್ಲಿ ರಿಪೇರಿಯಾದ ಮೇಲೆ
ಎರಡು ದಿನ ಎದುರುಮನೆಯಲ್ಲಿ ಸ್ನಾನ ಮಾಡಿದೆವು.)

ಶಿವರಾಂಪೇಟೆಯ ಹಾರ್ಡ್‌ವೇರ್ ಅಂಗಡಿಯ ಹುಡುಗ ಕೇಳಿದ:
ಎಷ್ಟು ಇಂಚು, ಏಳು ನಂಬರೋ ಎಂಟೋ,
ಗೋಡೆ ಯಾವುದು ಸಾರ್, ಕಾಂಕ್ರೀಟೋ, ಗಾರೆಯೋ?
ಗೋಡೆಯಂಥ ಗೋಡೆ, ಹಸಿರು ಬಣ್ಣ, ಅಂದೆ.
ಅವನು ಎಲ್ಲ ಅಳತೆಯದೂ ಒಂದೊಂದು ಹಿಡಿ
ಪೇಪರಿನಲ್ಲಿ ಕಟ್ಟಿಕೊಟ್ಟ, ಮಕ್ಕಳಿಗೆ ಕಡ್ಲೆಪುರಿ ಕೊಟ್ಟ ಹಾಗೆ.

ಡ್ರಿಲ್ಲು ಮುನಾವರನದು. ಕೊಡುವಾಗ ಒಂದೇ ಮಾತು:
‘ಇದನ್ನ ನೀವು ಹಿಡ್ಕೋಬೇಕು ಅಣ್ಣ,
ಅದು ನಿಮ್ಮನ್ನ ಹಿಡ್ಕೋಬಾರ್ದು.’

ಭಾನುವಾರ, ಬೆಳಗಿನ ಏಳು.
ಮೃಗಾಲಯದ ಸಿಂಹ ಒಮ್ಮೆ ಗುಡುಗಿ ಸುಮ್ಮನಾಯಿತು,
ಆಮೇಲೆ ನಾನು.
ಹೆಸರೇನೋ ಇಟ್ಟಿಗೆಗೂಡು;
ಗೋಡೆಯೊಳಗೆ ಇಟ್ಟಿಗೆ ಸಿಕ್ಕಬೇಕಲ್ಲ!
ಬರೀ ಗಾರೆ, ಮುಟ್ಟಿದರೆ ಉದುರುವ ಬೂಂದಿಲಾಡು.
ಕಡಲೆಯಷ್ಟು ತೂತು ತೆಗೆಯಹೋದರೆ ನಿಂಬೆಹಣ್ಣಿನಷ್ಟು,
ಪಕ್ಕಕ್ಕೆ ಇನ್ನೊಂದು, ಅದರ ಪಕ್ಕಕ್ಕೆ ಮತ್ತೊಂದು.
ಒಲೆ, ಹಾಲು, ನನ್ನ ಹುಬ್ಬು, ಎಲ್ಲಕ್ಕೂ ಧೂಳು.
ಮಗಳು ಹಂಸ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು, ಜೋರಾಗಿ.

ನಾಲ್ಕನೆಯದರಲ್ಲಿ ಗೋಡೆ ಇದ್ದಕ್ಕಿದ್ದಂತೆ ಮೆತ್ತಗಾಯಿತು.
ಬೆರಳು ಹಾಕಿ ಕೆದಕಿದೆ. ಹೊರಬಂದದ್ದು
ಬಟ್ಟೆಸೋಪು, ಒಣಗಿ ಸುಣ್ಣವಾದದ್ದು;
ಅದರ ಹಿಂದೆ ತೆಂಗಿನ ನಾರು, ಏಳು ಬೆಂಕಿಕಡ್ಡಿ,
ಮಡಿಸಿ ಮಡಿಸಿ ಗುಳಿಗೆಯಾದ ಒಂದು ಲಾಟರಿ ಟಿಕೆಟು.

ಯಾರೋ.
ನನಗಿಂತ ಮೊದಲು ಇಷ್ಟೇ ಎತ್ತರದ ಸ್ಟೂಲಿನಲ್ಲಿ ನಿಂತು
ಇದೇ ಗೋಡೆಗೆ ಸೋತವನು.
ಹೆಂಡತಿ ನೀರಿಗೆ ಹೋದಾಗ ಸೋಪು ತುಂಬಿ,
ಮೇಲೊಂದಿಷ್ಟು ಬಣ್ಣ ಬಳಿದು,
ಏನೂ ಆಗದವನಂತೆ ಊಟಕ್ಕೆ ಕೂತವನು.
ಸೋಪಿನ ಮೇಲೆ ಅವನ ಹೆಬ್ಬೆರಳ ಗೆರೆ ಇನ್ನೂ ಇತ್ತು;
ಅಂಗಡಿಯ ಭೂತಗನ್ನಡಿ ಇದ್ದಿದ್ದರೆ ಎಣಿಸಬಹುದಿತ್ತು.
ನಗು ಬಂತು. ಹಿಂದೆಯೇ ನಾಚಿಕೆ:
ನನ್ನ ಜೇಬಿನಲ್ಲಿ ಆಗಲೇ ಟೂತ್‌ಪೇಸ್ಟ್ ಇತ್ತು.

ಸುಗುಣನನ್ನು ಕರೆದೆ. ತೋರಿಸಿದೆ, ಎಲ್ಲವನ್ನೂ,
ಅವನ ಒಂದು ತೂತು, ನನ್ನ ಮೂರು.
ಅವಳು ಲಾಟರಿ ಬಿಡಿಸಿ ನಂಬರು ನೋಡಿದಳು,
‘ಇವನಿಗೂ ಹೊಡೆದಿಲ್ಲ’ ಎಂದು ಮತ್ತೆ ಮಡಿಸಿದಳು.
ಮುರಿದ ಲಟ್ಟಣಿಗೆಯ ಹಿಡಿಯನ್ನು ಈಳಿಗೆಯಲ್ಲಿ ಚೂಪು ಮಾಡಿ
‘ಇದನ್ನ ಬಡೀರಿ’ ಅಂದಳು. ಬಡಿದೆ. ಕಚ್ಚಿತು.
ಮಿಕ್ಕ ತೂತಿಗೆ ಸಿಮೆಂಟು ಮೆತ್ತುವ ಮುಂಚೆ
ಲಾಟರಿಯನ್ನು ಅದರ ಜಾಗಕ್ಕೇ ಸೇರಿಸಿ
ಜೊತೆಗೆ ನನ್ನದೊಂದು ಸಿಟಿಬಸ್ಸಿನ ಟಿಕೆಟು ಇಟ್ಟೆ.

ರಸಮಟ್ಟ ಇರಲಿಲ್ಲ. ಹಂಸ
ಕೆಮ್ಮಿನ ಔಷಧಿ ಬಾಟಲಿಗೆ ಮುಕ್ಕಾಲು ನೀರು ತುಂಬಿ
ಹಲಗೆಯ ಮೇಲೆ ಮಲಗಿಸಿದಳು.
ಗುಳ್ಳೆ ಅತ್ತ ಹೋಯಿತು, ಇತ್ತ ಬಂತು,
ಕೊಟ್ಟಿಗೆಗೆ ಹೋಗಲೊಲ್ಲದ ಕರುವಿನ ಹಾಗೆ;
ನಡುವೆ ನಿಂತಿತೆಂದು ಮೂವರೂ ಒಪ್ಪಿಕೊಂಡೆವು.

ನಿಂತಿರಲಿಲ್ಲ.
ಹುರುಳಿ ಡಬ್ಬಿ ವಾರಕ್ಕೊಂದು ಬೆರಳು
ಕಿಟಕಿಯ ಕಡೆ ಸರಿಯುತ್ತದೆ,
ಮಿಕ್ಸಿ ಜಾಸ್ತಿ ತಿರುಗಿದರೆ ಒಂದೂವರೆ.
ಶುಕ್ರವಾರ ಒರೆಸುವಾಗ ಸುಗುಣ
ಮಾತಿಲ್ಲದೆ ಹಿಂದಕ್ಕೆ ತಳ್ಳುತ್ತಾಳೆ.

ಅಂಗಡಿಯಲ್ಲಿ ಈಗ ಕನ್ನಡಕ ಹಾಕಿಸಿ ನೋಡುವಾಗ
ಗಿರಾಕಿಯ ಮುಖದ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತೇನೆ.
ಬಹಳ ಜನಕ್ಕೆ ಗೊತ್ತಿಲ್ಲ,
ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ.
ನಾನೂ ಹೇಳುವುದಿಲ್ಲ.
ಕಡ್ಡಿಯನ್ನು ಚೂರು ಬಿಸಿ ಮಾಡಿ
ಆ ಕಿವಿಗೆ ತಕ್ಕಷ್ಟು ಬಗ್ಗಿಸಿ ಕೊಡುತ್ತೇನೆ.