ಹಲ್ಲಿನ ಲೆಕ್ಕ

ಹದಿಮೂರು ವರ್ಷ ಹದಡಿ ರಸ್ತೆಯ ಕ್ಲಿನಿಕ್ಕಿನಲ್ಲಿ
ಬೇರೆಯವರ ಬಾಯಿಗೆ ಲೈಟು ಹಿಡಿದವಳು ನಾನು.
ಎಂಜಲು ಹೀರುವ ಕೊಳವೆ, ಹತ್ತಿಯ ಉಂಡೆ,
‘ಇನ್ನೊಂಚೂರು ಆ ಅನ್ರಿ, ಯಜಮಾನ್ರೆ.’
ಡಾಕ್ಟರಿಗೆ ಕೈನಡುಕ ಬಂತು, ಶಟರು ಇಳಿಯಿತು.
ಅವರು ಕೊಟ್ಟ ದುಡ್ಡಿಗೆ ಸಂಘದ ಸಾಲ ಸೇರಿಸಿ
ನಾನು ತಂದದ್ದು
ಹದಿನಾರು ಹಲ್ಲಿನ ಒಂದು ಚಕ್ರ.

ಬೋರ್ಡು ಬರೆಸಿದ್ದೇನೆ:
ಹಾಲಮ್ಮ. ಮರದ ಬೊಡ್ಡೆ ತೆಗೆದು ಕೊಡಲಾಗುವುದು.
ರಸ್ತೆ ಅಗಲವಾದಲ್ಲೆಲ್ಲ ಮರ ಕಡಿದವರು
ಬೊಡ್ಡೆ ಬಿಟ್ಟು ಹೋಗಿರುತ್ತಾರೆ.
ಕಡಿಯುವುದಕ್ಕೆ ಟೆಂಡರ್ ಇದೆ,
ಬೊಡ್ಡೆಗೆ ನಾನಿದ್ದೇನೆ.

ಮೊದಲ ವಾರ ಹೊಂಗೆ, ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು.
ಎರಡನೇ ವಾರ ಸಿಪ್ಪೆಯ ಬದಲು ಹಿಟ್ಟು,
ಹಿಟ್ಟಿನ ಬದಲು ಹೊಗೆ.
ಮಷೀನು ಚಳಿಜ್ವರ ಬಂದವರ ಹಾಗೆ ನಡುಗಿತು.
ನಾನು ಇನ್ನಷ್ಟು ಒತ್ತಿದೆ.
ಹೊಸಬರು ಮಾಡುವುದೇ ಅದು.

ಮಂಡಕ್ಕಿ ಭಟ್ಟಿಗಳ ಹಿಂದೆ ಸಾಣೆ ಹಿಡಿಯುವ ಗೌಸ್‌ಪೀರಣ್ಣ
ಹಲ್ಲಿನ ಅಂಚಿಗೆ ಹೆಬ್ಬೆರಳ ಉಗುರು ಎಳೆದು ನೋಡಿದ.
‘ಉಗುರು ಕೆರೆಯದ ಹಲ್ಲು
ಬೊಡ್ಡೆ ಏನು ಕೆರೆದೀತು, ತಂಗಿ?
ಇದಕ್ಕೆ ಮೂರು ಮುಖ ಅದಾವೆ. ಒಂದು ಸವೆದ್ರೆ
ನಟ್ಟು ಸಡ್ಲಿಸು, ತಿರುಗ್ಸು, ಬಿಗಿ.
ನೀನು ಒಂದೇ ಮುಖಾನ ಸಾಯೋ ತನಕ ದುಡಿಸೀಯ.’

ಒಂದು ಹಲ್ಲು ಹೊಸದಾದರೆ ಎದುರಿನದೂ ಹೊಸದಾಗಬೇಕು,
ಇಲ್ಲವಾದರೆ ಚಕ್ರ ತೂಕ ತಪ್ಪಿ ಬೇರಿಂಗ್ ತಿನ್ನುತ್ತದೆ.
ಅರ್ಧ ಗಂಟೆ ಓಡಿಸಿ ನಿಲ್ಲಿಸು, ನಟ್ಟು ಮತ್ತೆ ನೋಡು.
ಕೈ ಹಾಕುವ ಮುಂಚೆ ಪ್ಲಗ್ಗಿನ ವೈರು ಕಿತ್ತಿರಲಿ,
ಕೀಲಿ ನಿನ್ನ ಸೆರಗಿನ ಗಂಟಿನಲ್ಲಿರಲಿ.
ಸಾಣೆಯಲ್ಲಿ ಕಾದ ಹಲ್ಲನ್ನು ನೀರಿಗೆ ಅದ್ದಬೇಡ, ಸೀಳುತ್ತದೆ.

ಇದೊಂದು ನನಗೆ ಗೊತ್ತಿತ್ತು.
ಬಿಸಿ ಚಹದ ಮೇಲೆ ಐಸ್ ನೀರು ಕುಡಿದು
ಕೆನ್ನೆ ಹಿಡಿದು ಬಂದವರು ಎಷ್ಟು ಮಂದಿ!
ಗೊತ್ತಿಲ್ಲದ್ದು ಇದು:
ಡಾಕ್ಟರು ಕೊರೆಯುತ್ತಿದ್ದ ಅಕ್ಕಿಕಾಳಿನಷ್ಟು ಬರ್ರಿಗೂ
ಈ ಹಲ್ಲಿನ ತುದಿಗೂ ಒಂದೇ ಕಾರ್ಬೈಡು.
ಹಳೇ ಕೆಲಸ ಬಿಟ್ಟೆ ಅಂದುಕೊಂಡಿದ್ದೆ.

ನಿಟುವಳ್ಳಿಯ ಬೇವಿನ ಬೊಡ್ಡೆ.
ಸುತ್ತ ಹಾರೆ ಹಾಕಿ ಕಲ್ಲು ಆರಿಸಿದೆ, ಪೊರಕೆಯಲ್ಲಿ ಗುಡಿಸಿದೆ.
ಒಳಗೆ ನೋಡಲು ಎಕ್ಸ್‌ರೇ ಇರಲಿಲ್ಲ.
ಠಣ್.
ಒಂದು ಹಲ್ಲು ರಸ್ತೆ ದಾಟಿ
ಹಾಲಿನ ಬೂತಿನ ತಗಡಿಗೆ ಬಡಿಯಿತು.
ಯಾರೂ ನಿಂತಿರಲಿಲ್ಲ, ಪುಣ್ಯ.

ನಾಲ್ಕು ಬೆರಳು ಆಳದಲ್ಲಿ
ಮರ ನುಂಗಿ ಬಾಯಿ ಮುಚ್ಚಿಕೊಂಡಿದ್ದ ಮೊಳೆಗಳು, ಹನ್ನೊಂದು.
ಟ್ಯೂಷನ್ ಬೋರ್ಡಿನವು ಅಂದರು ಒಬ್ಬರು,
ದೆವ್ವ ಕಟ್ಟಿದ್ದು ಅಂದರು ಇನ್ನೊಬ್ಬರು.
ಕಾಟಪ್ಪಜ್ಜ ಒಂದನ್ನು ಎತ್ತಿಕೊಂಡು
ತುಕ್ಕು ಉಜ್ಜಿ ನೋಡಿದ:
‘ಇದು ನಾನೇ ಹೊಡ್ದಿದ್ದು, ಆಕಳು ಕಟ್ಟೋಕೆ.’
ಮೊದಲೇ ಹೇಳಬಾರದಿತ್ತೇ, ಅಜ್ಜ?
‘ನೀ ಎಲ್ಲಿ ಕೇಳ್ದೆ?’

ಈಗ ಕೇಳುತ್ತೇನೆ.
ಶುಗರ್ ಇದೆಯಾ, ಬಿಪಿ ಇದೆಯಾ ಎಂದು ಕೇಳುತ್ತಿದ್ದ ಅದೇ ದನಿಯಲ್ಲಿ:
ಮೊಳೆ ಹೊಡೆದಿದ್ದೀರಾ, ತಂತಿ ಸುತ್ತಿದ್ದೀರಾ,
ಬುಡಕ್ಕೆ ಯಾವಾಗಲಾದರೂ ಸಿಮೆಂಟು ಸುರಿದಿದ್ದೀರಾ?

ಅವತ್ತಿನ ಕೂಲಿ ಎರಡು ಸಾವಿರ.
ಜೋಡಿ ಹಲ್ಲು, ಒಂದು ಹಿಡಿಕೆ, ಎರಡು ಸಾವಿರದ ಇನ್ನೂರು.

ಮುರಿದದ್ದನ್ನು ಮಗ ಸಗಣಿಯಲ್ಲಿ ಸುತ್ತಿ
ಮನೆಯ ತಗಡಿನ ಮೇಲೆ ಎಸೆದ.
ಅವನದೂ ಮುಂದಿನೆರಡು ಬಿದ್ದಿವೆ,
ಎಸೆದರೆ ಹೊಸದು ಬರುತ್ತದೆಂದು ಅವನಿಗೆ ಖಾತ್ರಿ.
ಕಾರ್ಬೈಡು ಭಾರ. ರಾತ್ರಿಯೆಲ್ಲ ಗಾಳಿಗೂ ಅಲುಗಲಿಲ್ಲ.

ಗುರುವಾರ ಹುಬ್ಬಳ್ಳಿಯಿಂದ ಪಾರ್ಸೆಲ್ಲು ಬಂತು,
ಎದುರುಬದುರು ಕೂರುವಂಥ ಎರಡು.
‘ನೋಡಿದ್ಯಾ?’ ಎಂದು ಬೊಚ್ಚುಬಾಯಿ ತೆರೆದು ನಕ್ಕ.
ಬಿಲ್ಲನ್ನು ಮಡಚಿ
ಸೆರಗಿನ ಗಂಟಿಗೆ, ಕೀಲಿಯ ಜೊತೆ ಹಾಕಿಕೊಂಡೆ.