ಹಕ್ಕಿಗೆ ಸೆಕೆ

ರೊಬಿಉಲ್ ನನ್ನ ಲ್ಯಾಪ್‌ಟಾಪಿನ ಹಳೇ ಕಿಟಕಿಗಳನ್ನೆಲ್ಲ ಕಿತ್ತು
ಪೆಂಗ್ವಿನ್ ಒಂದನ್ನು ಒಳಗೆ ಬಿಟ್ಟುಕೊಟ್ಟ.
ಎರಡು ದಿನಾರ್. ಚಹಾ ಅವನದೇ.
ಮುಹರ್ರಖ್‌ನಲ್ಲಿ ಆ ಮಧ್ಯಾಹ್ನ ನಲವತ್ತಾರು ಡಿಗ್ರಿ;
ಪಾಪದ ಹಕ್ಕಿ, ಹೇಗೆ ಬದುಕೀತು ಎಂದೆ.
"ಹಳೇ ಮಷೀನಿಗೆ ಇದೇ ತಂಪು, ದೀದಿ."

ಸರಿ, ಇನ್ನು ಬರೆಯುವುದು ಎಲ್ಲಿ?
ಹಳೆಯದರಲ್ಲಿ ಬರೆದದ್ದಕ್ಕೆಲ್ಲ ಕೆಂಪು ಗೆರೆ ಬೀಳುತ್ತಿತ್ತು.
ಒಂದೊಂದು ಕನ್ನಡ ಪದದ ಕೆಳಗೂ ಅಂಕುಡೊಂಕು,
ಅವ್ವನೂ ತಪ್ಪು, ಅನ್ನವೂ ತಪ್ಪು.
ಹನ್ನೊಂದು ವರ್ಷ ಆ ಗೆರೆಯ ಮೇಲೆಯೇ ನಡೆದಿದ್ದೇನೆ.

ಹಗಲಿಡೀ ಬಸ್ ನಿಲ್ದಾಣದೆದುರಿನ ಟೈಪಿಂಗ್ ಸೆಂಟರಿನಲ್ಲಿ
ಬೇರೆಯವರ ಹೆಸರು, ಬೇರೆಯವರ ಹುಟ್ಟಿದ ತಾರೀಖು.
ಅರ್ಜಿಯ ಖಾನೆಗೆ ಹಿಡಿಸದೆ ಹೊರಗುಳಿದದ್ದನ್ನು
ರಾತ್ರಿ ಕೋಣೆಗೆ ತರುತ್ತೇನೆ,
ಡಬ್ಬಿಯ ತಳದಲ್ಲಿ ಉಳಿದ ಪಲ್ಯದ ಹಾಗೆ.
ಅದಕ್ಕೊಂದು ಪಾತ್ರೆ ಬೇಕು, ಅಷ್ಟೆ.

ಮೊದಲನೆಯದು ಕಪ್ಪು ತೆರೆ. ಒತ್ತಿದರೆ ಅಕ್ಷರ ಮೂಡುವುದಿಲ್ಲ,
ಬರೆಯುತ್ತೇನೆಂದು ಮೊದಲು ಒಂದು ಕೀಲಿ ಒತ್ತಿ ಬೇಡಿಕೊಳ್ಳಬೇಕು.
ಬೇಡಿದೆ. ಅರ್ಜಿ ನನಗೇನು ಹೊಸತೆ?
ಹೊರಬರಲು ಮಾತ್ರ ದಾರಿ ಕಾಣಲಿಲ್ಲ.
ಎಲ್ಲ ಒತ್ತಿದೆ, ಬೈದೆ, ಕೊನೆಗೆ ಬ್ಯಾಟರಿಯನ್ನೇ ಕಿತ್ತೆ.
ನನ್ನ ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿದ್ದ ಆ ಎರಡು ವರ್ಷ
ನೆನಪಾದದ್ದು ಆಮೇಲೆ, ತಟ್ಟೆ ತೊಳೆಯುವಾಗ.

ಎರಡನೆಯದರಲ್ಲಿ ಇಲ್ಲದ್ದೇ ಇಲ್ಲ. ಕ್ಯಾಲೆಂಡರು, ಅಂಚೆ,
ಮನಸ್ಸು ಕೆಟ್ಟರೆ ಮಾತಾಡಲು ಒಬ್ಬ ವೈದ್ಯ,
ಎರಡು ಕೈಗೆ ಹದಿನೈದು ಬೆರಳು ಬೇಡುವ ಕೀಲಿಗಳು.
ಅರಮನೆ. ನನ್ನದು ಒಂದೇ ಕೋಣೆ,
ಅದರಲ್ಲೂ ಅರ್ಧ ಮರಿವಿಕ್‌ಳದ್ದು.

ಮೂರನೆಯದಕ್ಕೆ ನನ್ನ ಹೆಸರನ್ನೇ ಪರೀಕ್ಷೆಗೆ ಕೊಟ್ಟೆ.
ಜ್ಯೋತ್ಸ್ನಾ.
ಪಾಸ್‌ಪೋರ್ಟಿನಲ್ಲಿ ಒಂದಕ್ಷರ ಹೆಚ್ಚು,
ಅರಬಿ ಕಾರ್ಡಿನಲ್ಲಿ ಎರಡು ಕಡಿಮೆ,
ಇಲ್ಲಿ ಬಿಡಿಬಿಡಿ. ತ ಒಂದೆಡೆ, ಸ ಒಂದೆಡೆ, ನ ಎಲ್ಲೋ,
ನಡುನಡುವೆ ಖಾಲಿ ಚೌಕಗಳು,
ಸಾಮಾನು ಇಳಿಸಿ ಲಾರಿಯವನು ಹೊರಟುಹೋದ ಮೇಲಿನ ಅಂಗಳ.

ನಾಲ್ಕನೆಯದರ ಹೆಸರು ಈಗಲೂ ಬಾಯಿಗೆ ಬರುವುದಿಲ್ಲ.
ಬಿಳಿ ಹಾಳೆ, ಮೇಲೆ ಮೂರು ಗುಂಡಿ.
ಹೆಸರು ಕೂಡಿಕೊಂಡಿತು, ಆದರೆ ನಕಾರದ ಒತ್ತು ಜಾರಿ
ಕೆಳಗಿನ ಸಾಲಿನ ತಲೆಗೆ ಕಾಲು ತಾಗಿಸಿತು.
ತಾಗಲಿ. ಬಸ್ಸಿನಲ್ಲಿ ತಾಗುವುದಿಲ್ಲವೆ?
ಇದಕ್ಕೆ ಕನ್ನಡ ಬಾರದು, ಇಂಗ್ಲಿಷೂ ಬಾರದು,
ಹಾಗಾಗಿ ತಪ್ಪು ಹಿಡಿಯುವುದೂ ಬಾರದು.

ಮೊದಲ ರಾತ್ರಿ ಬರೆದಿಟ್ಟದ್ದು ಇಷ್ಟು:
ದೋಣಿಯ ಸೆಲ್ವರಾಸುವಿಗೆ ವೃತ್ತಿ ಏನೆಂದು ಕೇಳಿದೆ.
"ಕಾಯುವುದು ಅಂತ ಹಾಕಿ" ಎಂದ.
ನಾನು ಮೀನುಗಾರ ಎಂದು ಹೊಡೆದೆ.

ಕೈ ಮಡಚಿ ಕೂತೆ, ಗೆರೆ ಬೀಳುವುದನ್ನು ನೋಡುತ್ತ.
ಬೀಳಲಿಲ್ಲ.
ಮರಿವಿಕ್ ಮಗ್ಗುಲು ಬದಲಿಸಿ, ದೀಪ ಆರಿಸು ಎಂದಳು.
ಒಳಗಿನ ಫ್ಯಾನು ಮಾತ್ರ ಗುರುಗುಡುತ್ತಿತ್ತು,
ಹಕ್ಕಿಗೆ ಸೆಕೆ.