ಕಿವಿರು ಎತ್ತಿ ನೋಡುವುದು

ಗಾಡಿ ತಣ್ಣಗಿರುವಾಗ ಹೋಗು ಅಂದಿದ್ದ ಕಾಯ್ತಾನ್,
ಬಿಸಿಯಾದ ಎಂಜಿನ್ನು ಯಾರ ಮಾತನ್ನೂ ಕೇಳುತ್ತದೆ,
ತಣ್ಣಗಿದ್ದದ್ದು ಮಾತ್ರ ನಿಜ ಹೇಳುತ್ತದೆ.

ಹೋದೆ. ಆರೂವರೆ.
ಮಂಜಿನಲ್ಲಿ ಕಾಳಿ ನದಿಯ ಸೇತುವೆ ಅರ್ಧವೇ ಇತ್ತು.
ಕೋಡಿಬಾಗದ ಬಾಂದೇಕರರ ಅಂಗಳ, ಪೇರಲೆ ಮರದ ಬುಡ,
ನೀಲಿ ಸ್ಕೂಟರು. ಸೀಟಿನ ಮೇಲೆ ಇಬ್ಬನಿ
ಒಂದು ಹನಿಯೂ ಒಡೆಯದೆ ಕೂತಿದೆ.
ಬಗ್ಗಿ ಸೈಲೆನ್ಸರಿಗೆ ಬೆರಳು ತಾಗಿಸಿದೆ:
ಚುರ್ರ್.

"ಈಗಷ್ಟೇ ಹಾಲಿಗೆ ಹೋಗಿ ಬಂದೆ" ಎಂದರು ಉಲ್ಲಾಸ ಬಾಂದೇಕರ್.
ನಿಂತುಕೊಂಡೇ ಹೋದಿರಾ ಅಂತ ಕೇಳಲಿಲ್ಲ.
ಇಪ್ಪತ್ತೆರಡು ವರ್ಷ ಮೀನು ಮಾರಿದವಳು,
ಯಾವ ಮಾತನ್ನು ಬುಟ್ಟಿಯಿಂದ ಯಾವಾಗ ತೆಗೆಯಬೇಕು
ಅಷ್ಟು ಗೊತ್ತು.

ಜನ ನನ್ನ ಬಂಗಡೆಯನ್ನು ನೋಡುವ ಹಾಗೆ ನೋಡಿದೆ,
ಕಿವಿರು ಎತ್ತಿ, ಹೊಟ್ಟೆ ಒತ್ತಿ, ಮೂಸಿ,
ಸುಮ್ಮನೆ ಮುಖ ಸೊಟ್ಟ ಮಾಡಿ.
ಹಿಂದಿನ ಟಯರಿನ ಗೀರಿನಲ್ಲಿ ರೂಪಾಯಿ ನಿಲ್ಲಲಿಲ್ಲ.
ಎರಡು ಸುತ್ತು ಓಡಿಸಿದೆ, ಹಿಡಿತ ಸಡಿಲಿಸಿದರೆ ಎಡಕ್ಕೆ ಎಳೆಯುತ್ತದೆ.
ಎಲ್ಲೋ ಬಿದ್ದು ಎದ್ದದ್ದು.
ಮೇಲೆ ಕೂತವರು ಎದ್ದರೋ ಇಲ್ಲವೋ,
ಅದನ್ನು ಯಾವ ಕಾಗದದಲ್ಲೂ ಬರೆಯುವುದಿಲ್ಲ.

ಕಾಲಿಡುವಲ್ಲಿನ ಮ್ಯಾಟು ಎತ್ತಿದರೆ ಹೊಸ ಕಪ್ಪು ಬಣ್ಣ,
ಬೆರಳಿಗೆ ಅಂಟುವಷ್ಟು ಹೊಸದು.
ನಿನ್ನೆಯ ಮೀನಿನ ಕಿವಿರಿಗೆ ಇವತ್ತಿನ ರಕ್ತ ಸವರುವ ಕೈಗಳನ್ನು
ಬೈತಖೋಲದ ಧಕ್ಕೆಯಲ್ಲಿ ನೋಡಿದ್ದೇನೆ
(ನೋಡಿದ್ದು ಮಾತ್ರವೇ ಅಂತ ಕೇಳಬೇಡಿ).
ಉಗುರಿನಿಂದ ಕೆರೆದೆ. ಬಣ್ಣದ ಬೆನ್ನಿಗೇ ತಗಡೂ ಬಂತು
ಹಪ್ಪಳದ ಚೂರಿನ ಹಾಗೆ.
ನಮ್ಮೂರ ಸಮುದ್ರ ಏನನ್ನು ಬಿಟ್ಟಿದೆ?
ಬಾಗಿಲ ಚಿಲಕ, ಸಿಲಿಂಡರಿನ ಬುಡ, ಮದುವೆಯ ಟ್ರಂಕು.
ಮೀಟರು ಹನ್ನೊಂದು ಸಾವಿರ ಅನ್ನುತ್ತದೆ,
ಕೇಬಲ್ಲು ಯಾವಾಗ ತುಂಡಾಯಿತು ಅನ್ನುವುದಿಲ್ಲ.
ಕಾರವಾರದ ಗಾಡಿಯನ್ನು ಉಪ್ಪಿನಲ್ಲಿ ಎಣಿಸು, ಕಾಯ್ತಾನ್ ಅಂದಿದ್ದ.

"ಒಂದೇ ಕೈಯ ಗಾಡಿ. ಆಫೀಸು, ಮನೆ, ಅಷ್ಟೇ."
ಬ್ಯಾಟರಿ ಮುಚ್ಚಳದ ಸ್ಕ್ರೂ ಪಕ್ಕ ಏನೋ ಮಿನುಗಿತು.
ಉಗುರ ತುದಿಗೆ ಅಂಟಿಸಿ ಬೆಳಕಿಗೆ ಹಿಡಿದೆ:
ತಾರ್ಲೆಯ ಹುರುಪೆ, ಒಣಗಿ ಅಭ್ರಕವಾಗಿದೆ.
ನಿಮ್ಮ ಆಫೀಸಿನಲ್ಲಿ ತಾರ್ಲೆಗೂ ಹಾಜರಿ ಹಾಕುತ್ತಾರೆಯೇ ಸಾಹೇಬರೇ?

ಆಗ ಬಾಗಿಲಿಗೆ ಬಂದರು ಅವರ ಹೆಂಡತಿ ಪ್ರಫುಲ್ಲಾಬಾಯಿ,
ಕೈಯಲ್ಲಿ ಚಹಾ, ಕಣ್ಣು ನನ್ನ ಮೇಲೆ.
"ನೀನು ಶೇವಂತಿ ಅಲ್ಲವೇ? ಪೇಟೆಯ ಮೂಲೆಯವಳು?
ಹೋದ ಚೌತಿ ಮುಗಿದ ವಾರ ಇಸ್ವಣ ಕೊಟ್ಟಿದ್ದೆ.
ರಾತ್ರಿಯ ಬೋಟಿನದು ಅಂತ ಆಣೆ ಹಾಕಿದ್ದೆ.
ಪಾತ್ರೆಗೆ ಹಾಕಿದ್ದೇ ತಡ, ಬಿಚ್ಚಿ ಬಿಚ್ಚಿ ಗಂಜಿಯಾಯಿತು.
ನಾಲ್ಕು ದಿನ ಬರ್ಫಿನಲ್ಲಿ ಮಲಗಿದ್ದು."

ಚಹಾ ಬಿಸಿಯಿತ್ತು. ಊದಿದೆ.
ಅವರೂ ಊದಿದರು.
ಪೇರಲೆ ಮರದಲ್ಲಿ ಕಾಗೆಯೊಂದು
ಯಾರ ಪರವೂ ವಹಿಸದೆ ಕೂತಿತ್ತು.

ಆಮೇಲೆ ವ್ಯಾಪಾರ ಬಹಳ ಮರ್ಯಾದೆಯಿಂದ ನಡೆಯಿತು.
ಇಪ್ಪತ್ತೆಂಟು ಅಂದವರು ತಗಡನ್ನು ನೋಡಿ ಇಪ್ಪತ್ತನಾಲ್ಕು ಅಂದರು,
ಹದಿನೆಂಟು ಅಂದವಳು ಇಸ್ವಣ ನೆನೆದು ಇಪ್ಪತ್ತೊಂದು ಅಂದೆ.
ಇಪ್ಪತ್ತೆರಡೂವರೆಗೆ ಕೈ ಕೂಡಿತು.
ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿದೆ,
ಅಂಕಿ ಅಂಕಿಯಾಗಿ ಮೂಡಿತು, ಆರ್‌ಸಿಯ ಜೊತೆ ಕೂಡಿತು.
ಇನ್ಶೂರೆನ್ಸು ಮುಗಿದು ಏಳು ತಿಂಗಳು,
ಬ್ಯಾಂಕಿನ ಹೆಸರು ಇನ್ನೂ ಕಾರ್ಡಿನ ಮೇಲೇ ಇದೆ.
ಅದು ಅಳಿಸಿ ಬರುವ ತನಕ ಐದು ಸಾವಿರ ನನ್ನ ಸೆರಗಿನಲ್ಲೇ.

ಈಗ ಹಿಂದೆ ಬರ್ಫಿನ ಪೆಟ್ಟಿಗೆ, ಮುಂದೆ ತಕ್ಕಡಿ.
ಎಡಕ್ಕೆ ಎಳೆಯುವ ಚಟ ಬಿಟ್ಟಿಲ್ಲ:
ಸಂಜೆ ಮಾಜಾಳಿಗೆ ಹೊರಟರೆ ಸಮುದ್ರದ ಕಡೆಗೆ,
ಬೆಳಿಗ್ಗೆ ಪೇಟೆಗೆ ಬಂದರೆ
ಸೀದಾ ಪೊಲೀಸರ ಕಡೆಗೆ.
ಲೈಸೆನ್ಸು ಮಾತ್ರ ಇನ್ನೂ ಆಗಿಲ್ಲ.